ತಣ್ಣಗಾದ ತಂಬಿಗೆ

ತೆಕ್ಕಟ್ಟೆಯ ಚಂದು ಶೆಡ್ತಿಯವರ ಅಂಗಳದಲ್ಲಿ, ಗ್ರಾಮಸೇವಕನಾದ ನನ್ನನ್ನು ನಂಬಿದ್ದು ಅವರ ನಾಯಿ ಮಾತ್ರ. ಆಗ ಯೂರಿಯಾ ಗೊಬ್ಬರ ಹೊಸತು; ಒಂದು ಮೂಟೆ ಹೊತ್ತು ತಂದಿದ್ದೆ. ಇದು ಕಲ್ಲುಪುಡಿಯಲ್ಲ, ಪೂರಾ ಕರಗುತ್ತದೆ ಎಂದು ತೋರಿಸಲು ಒಂದು ತಂಬಿಗೆ ನೀರಿಗೆ ಎರಡು ಮುಷ್ಟಿ ಹಾಕಿ ಕಲಕಿದೆ. ಶೆಡ್ತಿ ತಂಬಿಗೆ ಮುಟ್ಟಿದವರೇ ಕೈ ಹಿಂದಕ್ಕೆಳೆದರು.

“ಇದೆಂತ ಮಾರಾಯ್ರೆ, ನೀರ್ ತಣ್ಣಗಾಯ್ತಲೆ!”

“ಕರಗುವಾಗ ನೀರಿನ ಬಿಸಿ ಹೀರಿಕೊಳ್ಳುತ್ತದೆ, ಅಷ್ಟೇ” ಅಂದೆ.

ಅವರು ಗದ್ದೆಯ ಸುಣ್ಣಕ್ಕೆಂದು ಸುಟ್ಟು ತಂದಿದ್ದ ಕಪ್ಪೆಚಿಪ್ಪಿನ ರಾಶಿಗೆ ಒಂದು ಚೆಂಬು ನೀರು ಸುರಿದರು. ಅದು ಭುಸುಗುಟ್ಟಿ ಹೊಗೆಯಾಡಿತು.

“ಕಾಣಿ, ಇದ್ ಬಿಸಿ ಕೊಡುದ್. ನಿಮ್ದ್ ತಕಂಬ್ದ್. ಗದ್ದಿಗೆ ಕೊಡೂಕ್ ಬಂದದ್ ಮೊದ್ಲೇ ತಕಂತಾ?”

ಮೂಟೆ ಅಲ್ಲೇ ಬಿಟ್ಟು ಬಂದೆ.

ತಿಂಗಳು ಕಳೆದು ಬಿರುಬಿಸಿಲಲ್ಲಿ ಹೋದರೆ, ಗದ್ದೆಗೆ ಯೂರಿಯಾದ ಒಂದು ಕಾಳೂ ಬಿದ್ದಿಲ್ಲ, ಮೂಟೆ ಮಾತ್ರ ಅರ್ಧವಾಗಿದೆ! ಶೆಡ್ತಿ ಯೂರಿಯಾ ನೀರಿನ ಬೋಗುಣಿಯಲ್ಲಿ ಕೂರಿಸಿದ್ದ ಮಜ್ಜಿಗೆ ತಂಬಿಗೆಯನ್ನು ಎತ್ತಿ ಕೊಟ್ಟರು.

“ತಕಣಿ, ತಂಪಿತ್ತ್.”

ಈ ಸಲ ತಂಬಿಗೆಯನ್ನು ಅನುಮಾನದಿಂದ ಮೂಸಿ ನೋಡಿದವನು ನಾನು. ಆದರೆ ಆ ತಿಂಗಳ ವರದಿಯಲ್ಲಿ ಒಂದಕ್ಷರ ಸುಳ್ಳು ಬರೆಯಲಿಲ್ಲ: “ಚಂದು ಶೆಡ್ತಿಯವರು ಯೂರಿಯಾ ಬಳಸತೊಡಗಿದ್ದಾರೆ.”