ದೊಡ್ಡಮ್ಮ ನೋಡಿದ ರಕ್ತನಾಳ

ಹಂಪಾಪುರದಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಎದೆ ಹಿಡಿದುಕೊಂಡಾಗಲೆಲ್ಲ ಸೆರಗಿನಿಂದ ಬೆವರು ಒರೆಸಿ, "ಗ್ಯಾಸು ಕಣವ್ವ, ಬುಡು" ಎನ್ನುತ್ತಿದ್ದರು. ಒಂದು ದಿನ ಅವರನ್ನು ನಾನು ನರ್ಸಾಗಿದ್ದ ಮೈಸೂರಿನ ಆಸ್ಪತ್ರೆಗೇ ಕರೆತಂದರು. ಹೃದಯದ ರಕ್ತನಾಳವೊಂದು ಬಹುಪಾಲು ಮುಚ್ಚಿಹೋಗಿತ್ತು.

ಟೇಬಲ್ಲಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ ಅವರಿಗೆ ಡಾಕ್ಟರು, "ಸಣ್ಣದೊಂದು ಸ್ಟೆಂಟ್ ಕೂರಿಸ್ತೀವಮ್ಮ, ನಾಳ ಅಗಲ ಮಾಡೋ ಜಾಲರಿ ಕೊಳವೆ. ನಾಳ ಮತ್ತೆ ಕಟ್ಟಿಕೊಳ್ಳದ ಹಾಗೆ ಅದಕ್ಕೆ ನ್ಯಾನೋ ಕಣಗಳ ಔಷಧಿ ಹಚ್ಚಿದೆ, ಕಣ್ಣಿಗೇ ಕಾಣದಷ್ಟು ಸಣ್ಣವು" ಎಂದರು.

"ಕಾಣ್ದೇ ಇರೋದ್ನ ಎಂಗ್ ನಂಬ್ಲಿ? ಬ್ಯಾಡ ಬುಡಿ" ಎಂದು ದೊಡ್ಡಮ್ಮ ಏಳಲು ನೋಡಿದರು. ರಕ್ತದೊತ್ತಡ ಇಳಿಯುತ್ತಿತ್ತು. ನಾನು ಅವರ ಭುಜ ಒತ್ತಿ ಹಿಡಿದೆ. ಡಾಕ್ಟರು ಪರದೆಯನ್ನು ಅವರ ಕಡೆ ತಿರುಗಿಸಿ, ನಾಳವು ನೂಲಿನೆಳೆಯಷ್ಟಾಗಿದ್ದ ಜಾಗ ತೋರಿಸಿದರು. ದೊಡ್ಡಮ್ಮ ರೆಪ್ಪೆ ಬಡಿಯದೆ ನೋಡಿದರು.

"ಸರಿ, ಆಕ್ಬುಡಿ ಅದ್ನ" ಎಂದರು.

ಸ್ಟೆಂಟ್ ಬಿಚ್ಚಿಕೊಂಡಂತೆ ಆ ಎಳೆ ದಪ್ಪವಾಗಿ, ರಕ್ತ ತುದಿಯವರೆಗೂ ಹರಿಯಿತು. ನಾವೆಲ್ಲ ಉಸಿರು ಬಿಟ್ಟೆವು. ದೊಡ್ಡಮ್ಮ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

"ನಮ್ ಯಜಮಾನ್ರೂ ಇಂಗೇ ಎದೆ ಇಡ್ಕಂಡು ಓಗ್ಬುಟ್ರು ಕಣವ್ವ" ಎಂದರು. "ಅವರ್ದೂ ಇಷ್ಟಗಲ ಮಾಡಿದ್ರೆ ಸಾಕಿತ್ತಾ?"