ಮುಂಚೆಯೇ ಹೇಳುವ ಪ್ರಫುಲ್ಲಾ ಮೇಡಂ

ಆಗಲಿರುವುದನ್ನು ಮುಂಚೆಯೇ ಹೇಳದೆ ಪ್ರಫುಲ್ಲಾ ಮೇಡಂ ಒಂದು ಕೆಲಸವನ್ನೂ ಮಾಡುವವರಲ್ಲ. ಮುಂಬೈಯ ಮುಲುಂಡಿನಿಂದ ಲೋಕಲ್ ರೈಲಿನಲ್ಲಿ ಹಿಂಡಿ ಹಿಪ್ಪೆಯಾಗಿ ಜೈಲಿಗೆ ಬಂದು, ಸದ್ದಿಗೆ ಬೆಚ್ಚುವ, ಮುಖ ನೋಡಿ ಮಾತಾಡಲಾಗದ, ಸಣ್ಣ ಬದಲಾವಣೆಗೂ ಕಂಗಾಲಾಗುವ ಕೈದಿಗಳ ಜೊತೆ ಕೂರುವುದು ಅವರ ನೌಕರಿ. “ಈಗ ಗಂಟೆ ಹೊಡೀತದೆ,” “ಈಗ ಸಾಹೇಬರು ಬರ್ತಾರೆ, ಜೋರು ಮಾತಾಡ್ತಾರೆ, ಅದು ಸಿಟ್ಟಲ್ಲ” ಎಂದು ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಹೇಳಿ ಹೇಳಿ ಗಂಟಲು ಒಣಗುತ್ತದೆ. ಈ ಕೈದಿಗಳದು ಸೊಕ್ಕಲ್ಲ ಎಂದು ಸಿಪಾಯಿಗಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಡ್ಯೂಟಿ ಬದಲಾಗಿ ಹೊಸಬರು ನಿಂತಿರುತ್ತಾರೆ. ಮತ್ತೆ ಮೊದಲಿನಿಂದ ಶುರು. ಮನೆಗೆ ಬಂದರೂ ಚಟ ಬಿಡದು. “ಈಗ ಸೀಟಿ ಹೊಡೀತದೆ ಆಯ್ತಾ,” ಎಂದು ಕುಕ್ಕರಿನ ಪರವಾಗಿ ಗಂಡನನ್ನು ಎಚ್ಚರಿಸುತ್ತಾರೆ. “ಎಂತ ಮಾರಾಯ್ತಿ, ಕುಕ್ಕರಿನ ವಕಾಲತ್ತೂ ನಿನ್ನದೇಯಾ?” ಎಂದು ಗಂಡ ನಗುತ್ತಾರೆ. ಮೇಡಂ ಮುಂಚೆ ಹೇಳಲಾಗದ್ದು ಒಂದೇ ಒಂದು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಉಡುಪಿ ಕಡೆಯ ಉದಯ, ಇನ್ನೂ ವಿಚಾರಣೆಯೇ ಶುರುವಾಗದ ಕೈದಿ, ದಿನಾ ಸಂಜೆ ಕೇಳುತ್ತಾನೆ: “ನನ್ನನ್ನು ಯಾವಾಗ ಬಿಡ್ತಾರೆ ಮೇಡಂ?” ಮೇಡಂ ಬ್ಯಾಗು ಹೆಗಲಿಗೇರಿಸಿ ತಲೆ ತಗ್ಗಿಸಿ ಹೊರಡುತ್ತಾರೆ. ಆಗ ಉದಯ ತನ್ನ ಎರಡೂ ಕಿವಿ ಮುಚ್ಚಿಕೊಂಡು, ಗೋಡೆಯನ್ನೇ ನೋಡುತ್ತಾ, ಅವರ ಬೆನ್ನಿಗೆ ಹೇಳುತ್ತಾನೆ: “ಈಗ ಗೇಟು ದೊಡ್ಡ ಸದ್ದು ಮಾಡ್ತದೆ ಮೇಡಂ. ಹೆದರಬೇಡಿ.”