ಸಕ್ಕರೆಯನ್ನು ಪಟ್ಟಿಯಿಂದ ತೆಗೆದ ಅಕ್ಕ

ನಮ್ಮ ಭಾವನ ಪ್ರಕಾರ ಷೇರು ಪೇಟೆ ಎಂದರೆ ಇಸ್ಪೀಟು. ಹೀಗೆ ಹೇಳುವ ಮನುಷ್ಯ ಪ್ರತಿ ಯುಗಾದಿಗೂ ಹೋಳಿಗೆ ತಿಂದು, ತೊಳೆದ ಕೈ ಒಣಗುವ ಮೊದಲೇ ಇಸ್ಪೀಟಾಡಲು ತೆಂಗಿನ ತೋಟಕ್ಕೆ ಓಡುತ್ತಾರೆ. ಕೇಳಿದರೆ, “ಅದು ಶಾಸ್ತ್ರ ಕಣ್ಲಾ” ಅನ್ನುತ್ತಾರೆ. ಮೈ ಉರಿಯುತ್ತದೆ ನನಗೆ.

ಅವ್ವ ಬಿಂಡಿಗನವಿಲೆಯಲ್ಲಿ ಕುರಿ ಸಾಕಿದವಳು. ಅವಳು ತೀರಿಕೊಂಡ ಮೇಲೆ ಬೆಳ್ಳೂರಿನ ವ್ಯಾಪಾರಿಯೊಬ್ಬ ಬಂದು ಇಡೀ ಮಂದೆಯನ್ನು ಲಾರಿಗೆ ಹೇರಿಕೊಂಡು ಹೋದ. ಹೊಲ ನನಗೆ, ಕುರಿ ದುಡ್ಡು ಅಕ್ಕನಿಗೆ ಅಂತ ಅವ್ವ ಬಾಯಿಬಿಟ್ಟು ಹೇಳಿ ಹೋಗಿದ್ದಳು. ಅಕ್ಕ ಪಾಂಡವಪುರದಿಂದ ಕೆ.ಆರ್. ಪೇಟೆಗೆ ದಿನಾ ಬಸ್ಸಿನಲ್ಲಿ ಹೋಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆ ದುಡ್ಡನ್ನು ತನ್ನ ಮತ್ತು ಭಾವನ ಇಬ್ಬರ ಹೆಸರಿನಲ್ಲಿ ಠೇವಣಿ ಇಟ್ಟಳು. ತೆಗೆಯಬೇಕಾದರೆ ಇಬ್ಬರೂ ಸಹಿ ಹಾಕಬೇಕು. ಅಲ್ಲೇ ಸಿಕ್ಕಿಹಾಕಿಕೊಂಡಳು ನೋಡಿ. ಕಬ್ಬು ಬೆಳೆಯುವ ಭಾವನಿಗೆ ಅದರಲ್ಲಿ ಟ್ರಾಕ್ಟರು ಬೇಕಿತ್ತು. ಅಕ್ಕನಿಗೆ ಅವ್ವನ ದುಡ್ಡನ್ನು ತಾನೇ ಷೇರಿನಲ್ಲಿ ಹಾಕಿ ಬೆಳೆಸಬೇಕಿತ್ತು.

ಒಂದು ಯುಗಾದಿಯ ದಿನ ಊಟದ ಎಲೆಯ ಮುಂದೆಯೇ ಇಬ್ಬರಿಗೂ ಜಟಾಪಟಿ ಆಯಿತು. ಕೊನೆಗೆ ಭಾವ ಒಂದು ಷರತ್ತು ಹಾಕಿದರು.

“ಈ ಉಗಾದಿಯಿಂದ ಬರೋ ಉಗಾದಿಗಂಟ ಬರೀ ನೋಡು ಕಣಮ್ಮಿ, ತಗೋಬ್ಯಾಡ. ಅದೇನೋ ರೂಲ್ಸು ಅಂತೀಯಲ್ಲ, ಅದ್ನ ನೀನೇ ಒಂದ್ಸಲ ಮುರುದ್ರೂ ದುಡ್ಡು ಟ್ರಾಕ್ಟರಿಗೆ. ಮುರೀದಿದ್ರೆ ನಾನೇ ಸಯಿನ್ ಆಕ್ಕೊಡ್ತೀನಿ.”

ನಡುವೆ ನ್ಯಾಯ ಹೇಳೋದಕ್ಕೆ ಶ್ರೀರಂಗಪಟ್ಟಣದಲ್ಲಿ ಗುಮಾಸ್ತನಾಗಿರುವ ನನ್ನನ್ನು ಕೂರಿಸಿದರು. ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ!

ಹಾಗಾಗಿ ಭಾನುವಾರಗಳಂದು ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ಷೇರು ನೋಡಲು ಅವಳು ಮೊಬೈಲು ಹಿಡಿಯುತ್ತಿದ್ದದ್ದು ಭಾನುವಾರ ಮಾತ್ರ, ಷೇರು ಪೇಟೆ ಮುಚ್ಚಿರುವಾಗ. ಅವ್ವನೂ ಹಾಗೇ ಇದ್ದಳು. ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದರೆ ಯಾವ ಕುರಿ ಉಳಿಸಿಕೊಳ್ಳಬೇಕೆಂದು ಯೋಚಿಸುತ್ತಲೇ ಇರಲಿಲ್ಲ. ಸಾಕಲು ಯೋಗ್ಯ ಅನ್ನಿಸಿದ ಹೆಣ್ಣುಮರಿಯ ಕೊರಳಿಗೆ ಕೆಂಪು ದಾರ ಕಟ್ಟಿ, ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ನೋಡುತ್ತಿದ್ದಳು. ಮೇಯಲು ಹೋಗುವಾಗ ಹಿಂದೆ ಬೀಳುತ್ತದಾ, ಮಳೆಗೆ ಕೆಮ್ಮುತ್ತದಾ ಅಂತ. ಹಿಂದೆ ಬಿದ್ದರೆ ಎಷ್ಟೇ ಮುದ್ದಾಗಿರಲಿ, ದಾರ ಬಿಚ್ಚುತ್ತಿದ್ದಳು.

ಮುಂದೆ ಕೊಳ್ಳಬಹುದಾದ ಷೇರುಗಳದೊಂದು ಪಟ್ಟಿಯನ್ನು ಅಕ್ಕ ಮೊಬೈಲಿನಲ್ಲಿ ಇಟ್ಟಿದ್ದಳು, ಅದೂ ಅಂಥದ್ದೇ. ಕಂಪನಿಯ ಬೆಲೆ ಅದರ ಇನ್ನೂರು ದಿನದ ಸರಾಸರಿಗಿಂತ ಮೇಲೆ ಮೂರು ತಿಂಗಳಾದರೂ ನಿಲ್ಲಬೇಕು, ಆಗ ಪಟ್ಟಿಗೆ. ಏರುವ ದಿನ ಕೊಳ್ಳುವವರ ಜಂಗುಳಿ ಇರಬೇಕು, ಇಳಿಯುವ ದಿನ ಮಾರುವವರು ವಿರಳವಾಗಿರಬೇಕು. ಆರ್‌ಎಸ್‌ಐ ಅಂತ ಒಂದು ಗೆರೆ ತೋರಿಸುತ್ತಿದ್ದಳು. “ಇದು ಎಪ್ಪತ್ತು ದಾಟ್ತು ಅಂದ್ರೆ ಓಡಿ ಓಡಿ ಏದುಸಿರು ಬುಡ್ತಾ ಅದೆ ಅಂತ ಕಣ್ಲಾ. ಆವಾಗ ಮುಟ್ಬಾರ್ದು.” ವಾರದ ಕೊನೆಗೆ ಬೆಲೆ ಸರಾಸರಿಗಿಂತ ಕೆಳಗಿಳಿದರೆ ಆ ಭಾನುವಾರವೇ ಪಟ್ಟಿಯಿಂದ ಹೊರಗೆ. ಇವೇ ಅವಳ ರೂಲ್ಸು.

ಎಷ್ಟು ಚೆಂದಕ್ಕೆ ನಡೆಸಿದಳು ಅಂತೀರಿ! ಸ್ಟಾಫ್ ರೂಮಿನಲ್ಲಿ ಯಾರೋ ಟಿಪ್ಸು ಕೊಟ್ಟರೆ ನಕ್ಕು ಸುಮ್ಮನಾಗುತ್ತಿದ್ದಳು. ಪಟ್ಟಿಯಲ್ಲಿ ಒಂದು ಬಣ್ಣದ ಕಂಪನಿ, ಒಂದು ಪಂಪ್‌ಸೆಟ್ಟಿನದು, ಒಂದೆರಡು ಔಷಧಿಯವು, ಮತ್ತೆ ಒಂದು ಸಕ್ಕರೆ ಕಂಪನಿ ಇದ್ದವು.

ಕಬ್ಬು ಅರೆಯುವ ಕಾಲದಲ್ಲಿ ಆ ಸಕ್ಕರೆ ಮುಗ್ಗರಿಸಿತು. ಶುಕ್ರವಾರ ಸರಾಸರಿಗಿಂತ ಕೆಳಗೆ ಬಂದು ನಿಂತಿತ್ತು. ಭಾನುವಾರ ಅದನ್ನು ತೆಗೆಯಲು ಹೋದ ಅಕ್ಕನ ಬೆರಳು ನಿಂತುಬಿಟ್ಟಿತು. ಹೊರಗೆ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು. ನನ್ನ ಬಾಯಿಂದಲೇ, “ಒಂದು ವಾರ ನೋಡಕ್ಕಾ, ಸಕ್ಕರೆ ಅಲ್ವಾ” ಅಂತ ಬಂತು. ಭಾವನಂತೂ ಕಾಫಿ ಲೋಟ ಕೆಳಗಿಟ್ಟು ಎದ್ದೇ ನಿಂತರು.

“ಬ್ಯಾಡ ಕಣಮ್ಮಿ, ತೆಗೀಬ್ಯಾಡ! ಅದ್ಯಾವ್ದೋ ಬಣ್ಣ ಬೇಕಾದ್ರೆ ತೆಗಿ. ಕಬ್ಬಿನ್ ಮನೇಲಿ ಕೂತ್ಕೊಂಡು ಸಕ್ಕರೆ ಆಚೆಗಾಕ್ತೀಯಾ?”

ಅವಳು ತೆಗೆಯದಿದ್ದರೆ ಟ್ರಾಕ್ಟರು ಅವರದ್ದೇ. ಅದನ್ನೇ ಮರೆತು ಅಂಗಲಾಚುತ್ತಿದ್ದರು ಪುಣ್ಯಾತ್ಮ. ಮಂಡ್ಯ ಸೀಮೆಯವರ ಹಣೆಬರಹ ಇದು, ಸಕ್ಕರೆ ಅಂದರೆ ನಮಗೆ ಬುದ್ಧಿ ಕೆಲಸ ಮಾಡುವುದಿಲ್ಲ.

“ಅವ್ವ ಆಗಿದ್ರೆ ಬಿಚ್ಚಾಕ್ತಿದ್ಲು” ಅಂದು ಅಕ್ಕ ತೆಗೆದೇಬಿಟ್ಟಳು.

ಆಮೇಲೆ ಆದದ್ದು ಕೇಳಿ. ತಿಂಗಳೊಳಗೆ ಆ ಷೇರು ಎದ್ದು ಕುಣಿಯಲು ಹತ್ತಿತು. ಭಾವ ಓಡಿಬಂದು, “ನೋಡ್ದಾ! ಯೋಳ್ನಿಲ್ವಾ ನಾನು? ಈಗ್ಲಾದ್ರೂ ಸೇರುಸ್ಕೊ” ಅಂದರು. ನಾನೂ ಮೊಬೈಲಿನತ್ತ ಬಗ್ಗಿದೆ. ಅಕ್ಕ ಗೆರೆ ನೋಡಿದಳು. ಎಪ್ಪತ್ತು ದಾಟಿತ್ತು, ಸರಾಸರಿಯ ಮೇಲೆ ಬಂದು ಮೂರು ವಾರವೂ ಆಗಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಆಸೆ ಇತ್ತು ಅವಳಿಗೆ, ಸುಳ್ಳೇಕೆ?

“ಏರ್ಲಿ ಬುಡಿ. ಒಳ್ಳೇದಾಗ್ಲಿ ಅದಕ್ಕೆ” ಎಂದು ಮೊಬೈಲು ಮಗುಚಿಟ್ಟು ಸೊಪ್ಪು ಬಿಡಿಸಲು ಕೂತಳು.

ಆ ಷೇರು ಬಿದ್ದಿದ್ದರೆ ಊರೆಲ್ಲ ಅಕ್ಕನನ್ನು ಜಾಣೆ ಅನ್ನುತ್ತಿತ್ತು. ಬೀಳಲಿಲ್ಲ. ಯುಗಾದಿಯವರೆಗೂ ಏರುತ್ತಲೇ ಹೋಯಿತು. ಕೈಯಾರೆ ಬಿಟ್ಟದ್ದು ಕಣ್ಣೆದುರೇ ಬೆಳೆಯುತ್ತಿದ್ದರೂ ಅವಳು ಒಂದು ಸಲವೂ ಹಲ್ಲು ಕಡಿಯಲಿಲ್ಲ, ಯಾರನ್ನೂ ಬಯ್ಯಲಿಲ್ಲ. ನನ್ನ ಒಡಹುಟ್ಟಿದವಳು ಇಂಥವಳು ಅಂತ ನನಗೆ ಎದೆ ತುಂಬಿ ಬಂದದ್ದು ಆಗಲೇ.

ಯುಗಾದಿಯ ದಿನ ಬೇವುಬೆಲ್ಲ ಆಯಿತು, ಊಟ ಆಯಿತು. ತೋಟದಿಂದ ಗೆಳೆಯರು ಕೂಗಿದರೂ ಭಾವ ಏಳಲಿಲ್ಲ. ನನ್ನ ಕಡೆ ತಿರುಗಿ, “ಏನಪ್ಪಾ ನ್ಯಾಯಸ್ತ, ಮುರುದ್ಲಾ ನಿಮ್ಮಕ್ಕ?” ಅಂದರು.

“ಇಲ್ಲ ಭಾವ.”

ಅವರು ಒಳಗೆ ಹೋಗಿ ಬ್ಯಾಂಕಿನ ಕಾಗದ ತಂದು, ಕನ್ನಡಕ ಹಾಕಿಕೊಂಡು ಸಹಿ ಹಾಕಿದರು. “ಅಷ್ಟೊಂದು ಏರಿದ್ ಸಕ್ಕರೆನೇ ಕಣ್ಣೆತ್ತಿ ನೋಡ್ನಿಲ್ಲ ಇವ್ಳು. ಇನ್ನೇನ್ಲಾ ನೋಡ್ಬೇಕು ನಾನು?” ಅಂದು ಕಾಗದವನ್ನು ಅಕ್ಕನ ಕೈಗಿಟ್ಟರು. “ತಗಳಮ್ಮಿ. ನಿಮ್ಮವ್ವನ್ ದುಡ್ಡು, ನಿನ್ ಕೈಲಿರ್ಲಿ.”

ಅಕ್ಕ ಕಾಗದ ಹಿಡಿದುಕೊಂಡು ಅತ್ತೇಬಿಟ್ಟಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಭಾವ, “ಸರಿ, ನಾಳೆನೇ ತಗೋತೀಯಾ?” ಎಂದು ಕೇಳಿದರು.

“ನಾಳೆ ಪೇಟೆ ತೆರ್ದಿರ್ತದೆ ಕಣ್ರೀ” ಅಂದಳು ಅಕ್ಕ. “ಭಾನುವಾರ ಬರ್ಲಿ, ನೋಡೋಣ.”